ಐದು ಮನೆಯ ರುಜು

ಸಾಯುವ ಮೊದಲೇ ಮುನಿಕೃಷ್ಣಪ್ಪ ಐದು ಸಲ ಸತ್ತಿದ್ದ. ಐದೂ ಒಂದಕ್ಕಿಂತ ಒಂದು ಸೊಗಸಾದ ಸಾವುಗಳು. ಪಕ್ಕದ ಮನೆಯ ಶೇಖವ್ವನ ಪಾಲಿಗೆ ಅವನು ತುಂಬಿದ ಕೆರೆಗೆ ಹಾರಿ, ಮುಳುಗುತ್ತಿದ್ದ ಇಬ್ಬರು ಹುಡುಗಿಯರನ್ನು ದಡಕ್ಕೆ ಎಸೆದು, ತಾನು ಕೆಸರಿಗೆ ಸಿಕ್ಕಿ ಸತ್ತಿದ್ದ. ಎದುರು ಮನೆಯ ಅಮರೇಶನ ಪಾಲಿಗೆ ಬಾಯ್ಲರ್ ಸಿಡಿಯುವ ಗಳಿಗೆಯಲ್ಲಿ ಹದಿನೇಳು ಜನರನ್ನು ಹೊರಗೆ ದಬ್ಬಿ ತಾನೊಬ್ಬ ಒಳಗುಳಿದಿದ್ದ. ಟ್ಯೂಷನ್ ಹೇಳುವ ಮಾಲಾ ಮೇಡಂಗೆ ಹೇಳಿದ ಪ್ರಕಾರ ಹಾಸಿಗೆಯ ಮೇಲೆ ನೆಟ್ಟಗೆ ಕೂತು, ಎಲ್ಲರನ್ನೂ ಹೆಸರು ಹಿಡಿದು ಕರೆದು, ಋಷಿಯ ಹಾಗೆ ಕಣ್ಣು ಮುಚ್ಚಿದ್ದ. ಮಹಡಿಯ ಮನೆಯವರಿಗೆ ಹೇಳಿದ್ದು ಹಾವು. ಮೂಲೆ ಅಂಗಡಿಯ ನಾಣಿಗೆ ಹೇಳಿದ್ದು ಹೃದಯಾಘಾತ, ಅದೂ ಸ್ವಾತಂತ್ರ್ಯ ದಿನದಂದು ಬಾವುಟ ಏರಿಸುತ್ತಿರುವಾಗ.

ಈ ಐದನ್ನೂ ಕಟ್ಟಿದವನು ಮುನಿಕೃಷ್ಣಪ್ಪನ ಒಬ್ಬನೇ ಮಗ ರಾಜೇಂದ್ರ. ಟಿ. ದಾಸರಹಳ್ಳಿಯಲ್ಲಿ ಬೊಗಳೆ ಬಿಡುವವರಿಗೆ ಬರವಿಲ್ಲ, ಆದರೆ ರಾಜೇಂದ್ರನ ಮುಂದೆ ಅವರೆಲ್ಲ ಅಂಗನವಾಡಿ ಮಕ್ಕಳು. ಪೀಣ್ಯದ ಒಂದು ಲೇತ್ ಶಾಪಿನಲ್ಲಿ ಅವನು ಸೂಪರ್‌ವೈಸರ್. ಕೈಕೆಳಗೆ ಇದ್ದದ್ದು ಆರು ಜನ. ಬೀದಿಯಲ್ಲಿ ಹೇಳುವಾಗ ಅರವತ್ತು, ನೆಂಟರ ಮದುವೆಯಲ್ಲಿ ಹೇಳುವಾಗ ಆರುನೂರು. ಅವನು ಅಳತೆ ನೋಡಿ ಪಾಸು ಮಾಡಿದ ಬೋಲ್ಟು ಇಲ್ಲದೆ ಹೋಗಿದ್ದರೆ ಮೆಟ್ರೋ ರೈಲು ನಾಗಸಂದ್ರದ ಮುಖ ನೋಡುತ್ತಿರಲಿಲ್ಲವೆಂದು ಬೀದಿಯ ಅರ್ಧ ಜನ ನಂಬಿದ್ದರು.

ಇಷ್ಟು ಸಾವುಗಳ ಹಿಂದೆ ಇದ್ದ ನಿಜ ಒಂದೇ. ಮುನಿಕೃಷ್ಣಪ್ಪ ಹನ್ನೊಂದು ವರ್ಷದಿಂದ ಪರಪ್ಪನ ಅಗ್ರಹಾರದ ಜೈಲಿನಲ್ಲಿದ್ದ. ಎಲೆಕ್ಟ್ರಾನಿಕ್ ಸಿಟಿ ಪಕ್ಕದ ಒಂದು ಹಳ್ಳಿಯಲ್ಲಿ ಅವನು ನೀರುಗಂಟಿ. ವಾಲ್ವ್ ತಿರುಗಿಸಿ ಸರದಿಯ ಪ್ರಕಾರ ಬೀದಿ ಬೀದಿಗೆ ನೀರು ಬಿಡುವುದು ಕೆಲಸ. ಒಂದು ಬೇಸಿಗೆಯ ಬೆಳಗ್ಗೆ ಅದೇ ಊರಿನ ಶಿವರಾಜ್ ನೀರಿನ ವಿಚಾರಕ್ಕೆ ಜಗಳಕ್ಕೆ ಬಂದ. ಮಾತು ಬೆಳೆಯಿತು. ಮುನಿಕೃಷ್ಣಪ್ಪ ಕೈಯಲ್ಲಿದ್ದ ವಾಲ್ವಿನ ಕಬ್ಬಿಣದ ಕೀಲಿಯಿಂದ ಹೊಡೆದ. ಮೂರನೆಯ ದಿನ ಶಿವರಾಜ್ ಆಸ್ಪತ್ರೆಯಲ್ಲಿ ಸತ್ತ. ಜೀವಾವಧಿ ಆಯಿತು. ಊರಲ್ಲಿ ಮುಖ ತೋರಿಸಲಾಗದೆ ತಾಯಿ ಮಗ ಬೆಂಗಳೂರಿನ ಆ ತುದಿಯಿಂದ ಈ ತುದಿಗೆ ಬಂದುಬಿಟ್ಟರು.

ರಾಜೇಂದ್ರನಿಗೆ ಸೌಮ್ಯಳನ್ನು ನೋಡಲು ಹೋದಾಗ ಹೆಣ್ಣಿನ ಕಡೆಯವರು ಹುಡುಗನ ತಂದೆ ಎಲ್ಲಿ ಎಂದು ಕೇಳಿದರು. ತೀರಿಕೊಂಡರು ಎಂದ. ಆ ಒಂದು ಮಾತಿಗೆ ಗೋಡೆಯ ಮೇಲೆ ಫೋಟೋ ಬೇಕಾಯಿತು, ಫೋಟೋಕ್ಕೆ ಹಾರ ಬೇಕಾಯಿತು, ಹಾರ ಹಾಕಿದ ಮೇಲೆ ವರ್ಷ ವರ್ಷ ಹಿರಿಯರ ಹಬ್ಬದಲ್ಲಿ ಅವನ ಹೆಸರಿಗೆ ಎಡೆ ಇಡಬೇಕಾಯಿತು. ತಾಯಿ ಬೈರಮ್ಮನ ಹಣೆಯ ಕುಂಕುಮ ಅಳಿಸಬೇಕಾಯಿತು. ಇದೊಂದನ್ನು ರಾಜೇಂದ್ರ ಮೊದಲು ಯೋಚಿಸಿರಲಿಲ್ಲ. ಮದುವೆ ಮುಗಿಯುವವರೆಗೆ ಹೇಗೋ ಸುಧಾರಿಸಿಕೋ ಎಂದು ತಾಯಿಗೆ ಹೇಳಿದ. ಮದುವೆ ಮುಗಿದು ಒಂಬತ್ತು ವರ್ಷವಾಗಿತ್ತು.

ಹಿರಿಯರ ಹಬ್ಬಕ್ಕೆ ತಿಂಗಳಿರುವಾಗ ಒಂದು ಭಾನುವಾರ ಬೆಳಗ್ಗೆ ಸ್ಟೇಷನ್ನಿನಿಂದ ಕಾನ್ಸ್‌ಟೇಬಲ್ ಒಬ್ಬ ಕಾಗದ ಹಿಡಿದು ಬಂದ. ರಾಜೇಂದ್ರ ಕೋಳಿ ತರಲು ಹೋಗಿದ್ದ. ಕಾನ್ಸ್‌ಟೇಬಲ್ ಕ್ರಮ ಬಲ್ಲವನು, ಮನೆಯವರನ್ನು ಕೇಳುವ ಮೊದಲು ಅಕ್ಕಪಕ್ಕದವರನ್ನು ಕೇಳಿದ. ಶೇಖವ್ವ ಗದಗದ ಕಡೆಯವಳು, ರೊಟ್ಟಿ ಮಾಡಿ ಮೆಸ್ಸುಗಳಿಗೆ ಕೊಡುವವಳು. ಬಡಿಯುತ್ತಿದ್ದ ರೊಟ್ಟಿ ನಿಲ್ಲಿಸದೆ ಹೇಳಿದಳು:

“ಮುನಿಕೃಷ್ಣಪ್ನೋರು ಸತ್ತು ಭಾಳ ವರ್ಷ ಆತ್ರೀ ಸಾಹೇಬ್ರ. ವರ್ಷಾ ಅವರ ಎಡಿ ಊಟ ನಾನs ಉಂಡೀನಿ.”

ಉಳಿದ ನಾಲ್ಕು ಮನೆಯವರೂ ಹೌದೆಂದರು. ಸತ್ತದ್ದು ಹೌದೇ ಹೌದು. ಹೇಗೆ ಎಂದು ಕೇಳಿದಾಗ ಮಾತ್ರ ಬೀದಿಯೇ ಎರಡಾಗುವಷ್ಟು ವಾದ ಎದ್ದಿತು. ಅಮರೇಶ ಬಾಯ್ಲರ್ ಎಂದ, ಮಹಡಿಯವರು ಹಾವೆಂದರು, ನಾಣಿ ಬಾವುಟದ ಮೇಲೆ ಆಣೆ ಮಾಡಿದ. ಕಾನ್ಸ್‌ಟೇಬಲ್ ಪುಸ್ತಕದಲ್ಲಿ ಐದನ್ನೂ ಬರೆದುಕೊಂಡು, ಬೀದಿಯಲ್ಲಿ ಜೈಲಿನ ಮಾತೆತ್ತದೆ, ಸುಮ್ಮನೆ ಬಂದು ರಾಜೇಂದ್ರನ ಮನೆಯ ಫೋಟೋದ ಕೆಳಗೆ ಕೂತ.

ಕೋಳಿಯ ಕವರು ಹಿಡಿದು ಒಳಗೆ ಬಂದ ರಾಜೇಂದ್ರನಿಗೆ ಅವನು ನಿಧಾನವಾಗಿ ವಿಷಯ ಹೇಳಿದ. ಮುನಿಕೃಷ್ಣಪ್ಪನಿಗೆ ಅನ್ನನಾಳದಲ್ಲಿ ಗಡ್ಡೆ. ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರು ಬರೆದಿದ್ದಾರೆ. ಆರೋಗ್ಯದ ಕಾರಣಕ್ಕೆ ಬಿಡುಗಡೆ ಮಾಡುವ ಫೈಲು ಎದ್ದಿದೆ. ಮನೆಯವರು ಕರೆದುಕೊಳ್ಳುತ್ತಾರೆ ಎಂದು ಸ್ಟೇಷನ್ನಿನಿಂದ ವರದಿ ಹೋಗಬೇಕು.

“ಐದು ಮನೆಯವ್ರು ಸತ್ತೋದ್ರು ಅಂತಾವ್ರೆ. ನಾನು ಬದುಕವ್ರೆ ಅಂತ ಹೆಂಗ್ರೀ ಬರೀಲಿ?” ಎಂದ ಕಾನ್ಸ್‌ಟೇಬಲ್. “ಅದೇ ಐದು ಮನೆಯವ್ರ ಹತ್ರ ಬರೆಸ್ಕೊಂಡು ಬನ್ನಿ. ಇಂಥೋರು ಇವ್ರ ತಂದೆ, ಬದುಕಿದ್ದಾರೆ, ಈ ಮನೆಗೆ ಬಂದ್ರೆ ನಮ್ದೇನೂ ತಕರಾರಿಲ್ಲ ಅಂತ. ರುಜು ಇರ್ಲಿ. ಬೇಗ ಮಾಡಿ.”

ಅಡುಗೆಮನೆಯಲ್ಲಿ ಮಿಕ್ಸಿ ನಿಂತು ಬಹಳ ಹೊತ್ತಾಗಿತ್ತು. ಕಾನ್ಸ್‌ಟೇಬಲ್ ಹೋದ ಮೇಲೆ ಸೌಮ್ಯ ಹೊರಗೆ ಬಂದಳು. ಗಾರ್ಮೆಂಟ್ಸಿನಲ್ಲಿ ಅವಳದು ಚೆಕಿಂಗ್ ಕೆಲಸ, ದಿನಕ್ಕೆ ಸಾವಿರ ಅಂಗಿಗಳಲ್ಲಿ ತಪ್ಪಿದ ಹೊಲಿಗೆ ಹುಡುಕುವ ಕಣ್ಣು. ತನ್ನ ಮನೆಯಲ್ಲೇ ಒಂಬತ್ತು ವರ್ಷ ಇಷ್ಟು ದೊಡ್ಡ ತೂತು ಕಾಣಲಿಲ್ಲವಲ್ಲ ಎಂಬಂತೆ ಫೋಟೋವನ್ನು ನೋಡಿದಳು.

“ಹಂಗಾದ್ರೆ ನಾನು ವರ್ಷಾ ವರ್ಷಾ ಉಪವಾಸ ಇದ್ದು ಯಾರಿಗ್ರೀ ಎಡೆ ಮಾಡಿದ್ದು?”

ರಾಜೇಂದ್ರ ಕೋಳಿಯ ಕವರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಸೌಮ್ಯ ಅತ್ತೆಯ ಕಡೆ ತಿರುಗಿದಳು. “ಅತ್ತೆ, ನೀವೂನಾ?”

ಬೈರಮ್ಮ ಸೊಂಟದ ಎಲೆಅಡಿಕೆ ಸಂಚಿಯನ್ನು ಬಿಚ್ಚಿದಳು. ಅದರ ಒಳಪದರದಲ್ಲಿ ಬಟ್ಟೆ ಸುತ್ತಿದ ತಾಳಿ ಇತ್ತು, ಒಂದು ಹಾಳೆ ಸ್ಟಿಕ್ಕರು ಕುಂಕುಮವಿತ್ತು. ತಿಂಗಳಿಗೊಮ್ಮೆ ಆನೇಕಲ್ಲಿನ ತಂಗಿಯ ಮನೆಗೆಂದು ಹೊರಡುತ್ತಿದ್ದವಳು ಹೋಗುತ್ತಿದ್ದದ್ದು ಜೈಲಿಗೆ.

“ಬಸ್ಸಿನಾಗೆ ಆಕ್ಕೊಂತಿದ್ದೆ ಕಣವ್ವ,” ಎಂದಳು. “ಬರೋವಾಗ ಮೆಟ್ರೋ ಮೆಟ್ಲ ತಾವ ಕಿತ್ತಾಕ್ತಿದ್ದೆ. ಬರಿ ಅಣೇಲಿ ಓದ್ರೆ ಅವ್ರು ನೊಂದ್ಕೊಳಾಕಿಲ್ವಾ?”

ಆ ದಿನ ಕೋಳಿ ಕವರಿನಲ್ಲೇ ಉಳಿಯಿತು. ಮರುದಿನ ಬೀದಿನಾಯಿಗಳು ಹಬ್ಬ ಮಾಡಿದವು.

ಮುಂದಿನ ಎರಡು ವಾರ ಆ ಮನೆಯಲ್ಲಿ ಅಡುಗೆ ಆಯಿತು, ಮಾತು ಆಗಲಿಲ್ಲ. ಸೌಮ್ಯ ಮುದ್ದೆ ಇಡುವ ಸದ್ದು ನಾಗಸಂದ್ರದ ತನಕ ಕೇಳುತ್ತಿತ್ತು. ಗಂಡನಿಗೆ ಹೇಳುವುದಿದ್ದರೆ ಎಂಟು ವರ್ಷದ ಮಗಳು ಸುಕೃತಿಯ ಮೂಲಕ: ನಿಮ್ಮಪ್ಪಂಗೆ ಹೇಳು ಸಾರು ಅಲ್ಲೈತೆ, ನಿಮ್ಮಪ್ಪಂಗೆ ಹೇಳು ಗ್ಯಾಸ್ ಬುಕ್ ಮಾಡಬೇಕು. ಶಾಲೆಯಲ್ಲಿ ‘ನನ್ನ ತಾತ’ ಎಂಬ ಪ್ರಬಂಧಕ್ಕೆ ಕೆರೆಯ ಕಥೆ ಬರೆದು ಪೆನ್ಸಿಲ್ ಬಾಕ್ಸ್ ಗೆದ್ದಿದ್ದ ಸುಕೃತಿ, ಆ ಬಾಕ್ಸನ್ನು ಈಗ ವಾಪಸು ಕೊಡಬೇಕಾ ಎಂದು ಅಜ್ಜಿಯನ್ನು ಕೇಳುತ್ತಿದ್ದಳು.

ರಾಜೇಂದ್ರ ಕಾಗದವನ್ನೇನೋ ತಾನೇ ಬರೆದ. ಜೇಬಿನಲ್ಲಿಟ್ಟುಕೊಂಡು ದಿನಾ ಬೆಳಗ್ಗೆ ಶೇಖವ್ವನ ಬಾಗಿಲವರೆಗೆ ಹೋಗುವನು, ಚೆನ್ನಾಗಿದ್ದೀಯಾ ಅವ್ವ ಎಂದು ಕೇಳಿ, ಅವಳು ಕೊಟ್ಟ ರೊಟ್ಟಿ ಹಿಡಿದು ಬಸ್ಸು ಹತ್ತುವನು. ಆಮೇಲೆ ಒಂದು ಉಪಾಯ ಹೊಳೆಯಿತು. ಕಾಗದದ ಇನ್ನೊಂದು ಪ್ರತಿ ಬರೆದು, ಶಾಪಿನ ಐದು ಜನರಿಂದ ಕಣ್ಣು ಮುಚ್ಚಿ ರುಜು ಹಾಕಿಸಿ ಸ್ಟೇಷನ್ನಿಗೆ ಕೊಟ್ಟ. ಐದೂ ಒಂದೇ ಪೆನ್ನು, ಐದರ ಮೇಲೂ ಲೇತಿನ ಕಟಿಂಗ್ ಆಯಿಲ್ ಕಲೆ. ಕಾನ್ಸ್‌ಟೇಬಲ್ ಮೂಗಿನ ಹತ್ತಿರ ಹಿಡಿದು ನೋಡಿ, ಅಕ್ಕಪಕ್ಕದ ಮನೆ ಅಂದಿದ್ದೆ ಎಂದು ಹಿಂದಕ್ಕೆ ಕೊಟ್ಟ. ಅದರಲ್ಲಿ ಇನ್ನೊಂದು ವಾರ ಹೋಯಿತು.

ಶನಿವಾರ ಬೈರಮ್ಮ ಜೈಲಿಗೆ ಹೋಗಿ ಬಂದಳು. ಈ ಸಲ ಮೆಟ್ರೋ ಮೆಟ್ಟಿಲ ಹತ್ತಿರ ಸ್ಟಿಕ್ಕರು ಕೀಳಲಿಲ್ಲ. ಹಣೆಯಲ್ಲಿ ಕೆಂಪಗೆ ಇಟ್ಟುಕೊಂಡೇ ಬೀದಿಯುದ್ದಕ್ಕೂ ನಡೆದು ಬಂದಳು. ಸೌಮ್ಯ ನಡುಮನೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ರಾಜೇಂದ್ರ ಎದ್ದು ಬಾಗಿಲು ಹಾಕಿದ.

“ಏನಮ್ಮ ಇದು? ಯಾರಾದ್ರೂ ನೋಡಿದ್ರೆ?”

“ನೋಡ್ಲಿ. ಅವ್ರಿಗೆ ನೀರೇ ಸರ್ಯಾಗಿ ಇಳೀತಿಲ್ಲ ಕಣೋ. ಚಮಚದಾಗೆ ಬಿಟ್ರೂ ಅರ್ಧ ಈಚಿಗ್ ಬರ್ತದೆ. ಕಾಗ್ದ ಏನಾಯ್ತು?”

ರಾಜೇಂದ್ರ ಜೈಲಿನ ಆಸ್ಪತ್ರೆಯ ಮಾತೆತ್ತಿದ. ಅಲ್ಲಿ ಡಾಕ್ಟರು ಇರುತ್ತಾರೆ, ನರ್ಸು ಇರುತ್ತಾರೆ, ಮನೆಯಲ್ಲಿ ಏನಿದೆ ಎಂದ. ತಿಂಗಳಿಗೊಮ್ಮೆಯಲ್ಲ, ವಾರಕ್ಕೊಮ್ಮೆ ತಾನೇ ಹೋಗಿ ನೋಡಿ ಬರುತ್ತೇನೆಂದ. ಹನ್ನೊಂದು ವರ್ಷದಲ್ಲಿ ಅವನು ಹೋದದ್ದು ಎರಡೇ ಸಲ. ಕೊನೆಗೆ, “ಈ ಬೀದೀಲಿ ನಾನು ತಲೆ ಎತ್ಕೊಂಡು ಓಡಾಡೋದ್ ಬೇಡ್ವೇನಮ್ಮ?” ಎಂದ.

ಬೈರಮ್ಮ ಕೂತಲ್ಲಿಂದ ಏಳಲಿಲ್ಲ, ದನಿಯನ್ನೂ ಏರಿಸಲಿಲ್ಲ.

“ಅವತ್ತು ಟೀ ಅಂಗ್ಡಿ ಮುಂದೆ ಶಿವರಾಜಂಗೆ ಏನಂದೆ ನೀನು? ನಮ್ಮಪ್ಪ ಮನ್ಸು ಮಾಡಿದ್ರೆ ನಿಮ್ ಬೀದಿಗೆ ಒಂದು ತಿಂಗ್ಳು ತೊಟ್ಟು ನೀರು ಬರಾಕಿಲ್ಲ ಅಂತ ಅನ್ನಲಿಲ್ವಾ? ನಿಮ್ಮಪ್ಪ ಅಂಗೆ ಯಾವತ್ತಾರ ಅಂದಿದ್ರಾ? ಅವ ಅದಕ್ಕೇ ಜಗಳಕ್ಕೆ ಬಂದಿದ್ದು. ಕೋರ್ಟ್‌ನಾಗೆ ಕೇಳಿದ್ರು, ಜಗಳ ಎಂಗೆ ಸುರುವಾಯ್ತು ಅಂತ. ನಿನ್ನ ಎಸ್ರು ಎತ್ತಿದ್ರೇನ್ಲಾ ಅವ್ರು?”

ಅಕ್ಕಿಯಲ್ಲಿ ಓಡಾಡುತ್ತಿದ್ದ ಸೌಮ್ಯಳ ಬೆರಳು ನಿಂತಿತು. ಅವಳು ತಲೆ ಎತ್ತಿ ಗಂಡನನ್ನು ನೋಡಿದಳು. ರಾಜೇಂದ್ರ ಜೇಬು ಮುಟ್ಟಿ ನೋಡಿಕೊಂಡು, ಚಪ್ಪಲಿ ಹಾಕುವುದನ್ನೂ ಮರೆತು ಹೊರಗೆ ಹೋದ.

ಶೇಖವ್ವನ ಮನೆಯಲ್ಲಿ ಹಂಚು ಕಾದಿತ್ತು. ಅವನು ಬಾಗಿಲಲ್ಲೇ ನಿಂತು ಹೇಳಿದ. ಹೇಳುವುದು ಎರಡು ನಿಮಿಷದ ಮಾತು, ಅವನಿಗೆ ಎರಡು ಯುಗ ಹಿಡಿಯಿತು.

“ಕೆರಿ?” ಎಂದಳು ಶೇಖವ್ವ.

“ಕೆರೆ ಇಲ್ಲ ಅವ್ವ.”

“ಆ ಎರಡು ಹುಡುಗ್ಯಾರು?”

“ಅವ್ರೂ ಇಲ್ಲ.”

“ಆ ಹುಡುಗ್ಯಾರು ಈಗ ಎಲ್ಲಿ ಅದಾರೋ, ಲಗ್ನ ಆಗೇತೋ ಇಲ್ಲೋ ಅಂತ ಎಷ್ಟ್ ಸಲ ನೆನಸೀನಿ, ಗೊತ್ತೈತೇನು ನಿನಗ?” ರೊಟ್ಟಿ ಹಂಚಿನ ಮೇಲೆ ಕಪ್ಪಾಗುತ್ತಿತ್ತು, ಅವಳು ತೆಗೆಯಲಿಲ್ಲ. “ನಿಮ್ಮಪ್ಪನ ಕೈಯಾಗ ಸತ್ತಾನಲ್ಲ, ಅವಗ ಹೆಂಡ್ತಿ ಮಕ್ಕಳು?”

“ಹೆಂಡ್ತಿ. ಒಬ್ಬ ಮಗ.”

“ಅವರಿಗೆ ಏನ್ ಕಥಿ ಹೇಳೀದಿ ತಮ್ಮಾ?”

ರಾಜೇಂದ್ರ ಕಾಗದವನ್ನು ಮುಂದೆ ಚಾಚಿದ. ಶೇಖವ್ವ ಹೆಬ್ಬೆಟ್ಟಿಗೆ ಮೆತ್ತಿದ್ದ ಜೋಳದ ಹಿಟ್ಟು ಸೆರಗಿಗೆ ಒರೆಸಿಕೊಂಡು, ಮಸಿ ಹಚ್ಚಿಕೊಂಡು ಒತ್ತಿ ಕೊಟ್ಟಳು. ದಿನಾ ಕೊಡುವ ರೊಟ್ಟಿಯನ್ನು ಆ ದಿನ ಕೊಡಲಿಲ್ಲ.

ಅಮರೇಶ ಕೇಳಿದವನೇ ನಕ್ಕ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಆಮೇಲೆ ನಗು ನಿಂತು ಮುಖ ಬಿಗಿಯಿತು. ಫ್ಯಾಕ್ಟರಿಯ ಸುರಕ್ಷತಾ ಸಪ್ತಾಹದಲ್ಲಿ ಅವನು ವೇದಿಕೆ ಹತ್ತಿ ಬಾಯ್ಲರ್ ಕಥೆ ಹೇಳಿದ್ದನಂತೆ. “ನಾನೂರು ಜನ ಗುರು,” ಎಂದ. “ನಾನೂರು ಜನ ಹೆಲ್ಮೆಟ್ ತೆಗ್ದು ನಿಮ್ಮಪ್ಪಂಗೆ ಎರಡು ನಿಮಿಷ ಮೌನ ನಿಂತ್ರು. ಈಗ ನಾನು ಅವ್ರಿಗೆ ಏನ್ ಹೇಳ್ಲಿ?” ಒಳಗೆ ಹೋಗಿ ಹೆಂಡತಿಯನ್ನು ಕೇಳಿ ಬಂದು, ಮುಖ ನೋಡದೆ ರುಜು ಹಾಕಿದ.

ಮಹಡಿ ಮನೆಯವರಿಗೆ ಹಾವೇ ಮರೆತುಹೋಗಿತ್ತು. ಫೋನಿನಲ್ಲಿ ಮಾತಾಡುತ್ತಲೇ ಗೀಚಿಕೊಟ್ಟರು.

ಮಾಲಾ ಮೇಡಂ ಎಂಟು ಮಕ್ಕಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದಳು. ಕಾಗದವನ್ನು ಪೂರ್ತಿ ಓದಿದವರಲ್ಲಿ ಮೊದಲನೆಯವಳು ಅವಳೇ. ಕನ್ನಡಕ ಸರಿಮಾಡಿಕೊಂಡು, “ಏನ್ರೀ ಬರೆದಿದ್ದೀರಿ ಇದು?” ಎಂದಳು. ಮುನಿಕೃಷ್ಣಪ್ಪನವರು ರಾಜೇಂದ್ರನ ತಂದೆ, ಬದುಕಿದ್ದರೆ, ಈ ಮನೆಗೆ ಬಂದರೆ ನಮ್ಮ ತಕರಾರಿಲ್ಲ ಎಂದು ಅವನು ಬರೆದಿದ್ದ. “ಬದುಕಿದ್ದಾರೆ ಅನ್ನೋದಕ್ಕೂ ಬದುಕಿದ್ದರೆ ಅನ್ನೋದಕ್ಕೂ ವ್ಯತ್ಯಾಸ ಗೊತ್ತಾಗಲ್ವಾ ನಿಮಗೆ?” ಎಂಟು ಮಕ್ಕಳೂ ಮಗ್ಗಿ ನಿಲ್ಲಿಸಿ ನೋಡುತ್ತಿದ್ದವು. ಮೇಡಂ ಕೆಂಪು ಪೆನ್ನು ತೆಗೆದು ದೀರ್ಘ ಕೊಟ್ಟು, ಬದುಕಿದ್ದಾರೆ ಎಂದು ತಿದ್ದಿ, ಒಂದು ಪೂರ್ಣವಿರಾಮ ಇಟ್ಟು, ಕೆಳಗೆ ರುಜು ಮಾಡಿದಳು.

ಐದನೆಯವನು ನಾಣಿ. ಅವನು ಕಾಗದ ಮುಟ್ಟಲಿಲ್ಲ. ಹೆಂಗಸರು ಮಕ್ಕಳು ಓಡಾಡುವ ಬೀದಿ, ಕೊಲೆ ಮಾಡಿದವರನ್ನು ಇಲ್ಲಿಗೆ ಕರೆದುಕೊಂಡು ಬನ್ನಿ ಎಂದು ತಾನು ಬರೆದುಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದ. ಅಂಗಡಿಯಲ್ಲಿ ಹಾಲು ಕೊಳ್ಳಲು ನಿಂತಿದ್ದ ನಾಲ್ಕು ಜನ ಕೇಳಿಸಿಕೊಂಡರು. ಮನೆಗೆ ಬರುವಷ್ಟರಲ್ಲಿ ನಾಲ್ಕು ಸಾವಿರ ಜನ ಕೇಳಿಸಿಕೊಂಡಿದ್ದರು. ರಾಜೇಂದ್ರ ಕಾಗದವನ್ನು ಅಕ್ಕಿಯ ಮೊರದ ಪಕ್ಕ ಇಟ್ಟು ಗೋಡೆಗೆ ಒರಗಿ ಕೂತ.

ಸೌಮ್ಯ ನಾಲ್ಕು ರುಜುಗಳನ್ನು ಎಣಿಸಿದಳು. ಸೆರಗು ಸಿಕ್ಕಿಸಿಕೊಂಡು ಕಾಗದ ತೆಗೆದುಕೊಂಡು ಎದ್ದಳು. ಅಂಗಡಿಯ ಮುಂದೆ ಅವಳು ಆಡಿದ್ದು ಮೂರೇ ಮಾತು ಎಂದು ಆಮೇಲೆ ಹಾಲು ಕೊಳ್ಳಲು ನಿಂತಿದ್ದವರು ಹೇಳಿದರು: “ಅವ್ರು ನಮ್ಮಾವ. ಸಾಯೋಕ್ ಬರ್ತಿದ್ದಾರೆ, ಯಾರನ್ನೂ ಹೊಡೆಯೋಕಲ್ಲ. ನಾನು ನೋಡ್ಕೊಂತೀನಿ.” ನಾಣಿ ಪೆನ್ನು ಹುಡುಕಿದ.

ವಾಪಸು ಬಂದವಳು ಮೂರು ವಾರದಲ್ಲಿ ಮೊದಲ ಸಲ ಗಂಡನನ್ನು ನೇರವಾಗಿ ಮಾತಾಡಿಸಿದಳು. “ಸೋಮವಾರ ರಜಾ ಹಾಕಿ. ಸ್ಟೇಷನ್‌ಗೆ ಕೊಟ್ಟು ಬನ್ನಿ. ಫೋಟೋ ನಾನು ತೆಗೀತೀನಿ.”

ಹಿರಿಯರ ಹಬ್ಬದ ಅಮಾವಾಸ್ಯೆಗೆ ಎರಡು ದಿನವಿರುವಾಗ ಮುನಿಕೃಷ್ಣಪ್ಪನನ್ನು ಆಂಬ್ಯುಲೆನ್ಸಿನಲ್ಲಿ ತಂದು ಬಿಟ್ಟರು. ದಾಸರಹಳ್ಳಿಗೆ ದಾಸರಹಳ್ಳಿಯೇ ಬಾಗಿಲಲ್ಲಿ ನಿಂತಿತ್ತು. ಸ್ಟ್ರೆಚರಿನ ಮೇಲೆ ಮನುಷ್ಯನಿಗಿಂತ ಕಂಬಳಿಯೇ ಹೆಚ್ಚಿತ್ತು. ಬೈರಮ್ಮ ತಾಳಿ ಹೊರಗೆ ಕಾಣುವಂತೆ ಹಾಕಿಕೊಂಡು, ಸ್ಟಿಕ್ಕರಲ್ಲ, ಕಾಸಿನಗಲದ ಕುಂಕುಮವನ್ನೇ ಇಟ್ಟುಕೊಂಡು ಮುಂದೆ ನಡೆದಳು. ಬೀದಿಯ ಹೆಂಗಸರು ಸ್ಟ್ರೆಚರನ್ನು ನೋಡಲಿಲ್ಲ, ಆ ಹಣೆಯನ್ನು ನೋಡಿದರು. ಆಮೇಲೆ ರಾಜೇಂದ್ರನನ್ನು ನೋಡಿದರು. ತಂದೆಯ ತಲೆಯ ಕಡೆ ಹಿಡಿದಿದ್ದ ಅವನಿಗೆ ಮುಖ ಮುಚ್ಚಿಕೊಳ್ಳಲು ಕೈ ಬಿಡುವಿರಲಿಲ್ಲ.

ನಡುಮನೆಯಲ್ಲಿ ಮಂಚ ಹಾಕಿದ್ದರು. ಗೋಡೆಯ ಮೇಲೆ ಫೋಟೋ ಇದ್ದ ಜಾಗ ಬೆಳ್ಳಗೆ ಚೌಕವಾಗಿ ಕಾಣುತ್ತಿತ್ತು. ಮುನಿಕೃಷ್ಣಪ್ಪ ಅದನ್ನು ನೋಡಿದ. ಸುಕೃತಿ ಹತ್ತಿರ ಬಂದು, ಕೆರೆಗೆ ಹಾರಿದ್ದು ನೀವೇನಾ ತಾತ ಎಂದಳು. ಅವನ ದನಿ ಗಾಳಿಯಂತೆ ಬರುತ್ತಿತ್ತು, ಕಿವಿ ಕೊಟ್ಟು ಕೇಳಬೇಕಿತ್ತು.

“ನಂಗೆ ಈಜು ಬರಾಕಿಲ್ಲ ಮಗ.”

ಅಮಾವಾಸ್ಯೆಯ ದಿನ ಸೌಮ್ಯ ಎಂದಿನಂತೆ ಉಪವಾಸವಿದ್ದು ಅಡುಗೆ ಮಾಡಿದಳು. ಬಾಡಿನ ಸಾರು, ವಡೆ, ಕಜ್ಜಾಯ. ಹಿಂದಿನ ತಲೆಗಳಿಗೆ ಎರಡು ಎಲೆ ಹಾಕಿದಳು. ಮುನಿಕೃಷ್ಣಪ್ಪ ಮಂಚದಿಂದ ನೋಡುತ್ತಿದ್ದ. ತನ್ನ ಎಲೆಗೆ ಇಷ್ಟು ವರ್ಷ ಏನೇನು ಇಡುತ್ತಿದ್ದಿರಿ ಎಂದು ಸೊಸೆಯನ್ನು ಕೇಳಿದ. ಅವಳು ಅಡುಗೆ ಹೇಳಿದಳು. ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬ್ರಾಂದಿ ಎಂದು ಹೇಳುವಾಗ ಗಂಡನನ್ನು ನೋಡಿದಳು. ತಂದೆಗೆ ಅವೆರಡೂ ಪ್ರಾಣ ಎಂದು ಅವನೇ ಹೇಳಿದ್ದು.

“ಬೀಡಿ ಸೇದಿಲ್ಲ ನಾನು,” ಎಂದ ಮುನಿಕೃಷ್ಣಪ್ಪ. “ಕುಡಿದೂ ಇಲ್ಲ. ಅವತ್ತೂ ಕುಡಿದಿರ್ನಿಲ್ಲ. ಕುಡಿದಿದ್ದೆ ಅನ್ನು, ಸಿಕ್ಸೆ ಕಮ್ಮಿ ಆದ್ರೂ ಆಗ್ಬೋದು ಅಂತ ವಕೀಲ್ರು ಏಳಿದ್ರು. ಕುಡಿದಿರ್ನಿಲ್ಲ ಅಂದೆ.” ಉಸಿರಿಗೆ ಸ್ವಲ್ಪ ಹೊತ್ತು ಕಾದು, ಮಗನ ಕಡೆ ತಿರುಗಿದ. “ಶಿವರಾಜಂಗೆ ಒಂದು ಎಲೆ ಆಕು ರಾಜ.”

ರಾಜೇಂದ್ರ ಎಲೆ ತೊಳೆದು ಹಾಕಿದ. ಅನ್ನ ಬಡಿಸಿದ, ಸಾರು ಬಿಟ್ಟ, ವಡೆ ಇಟ್ಟ. ಶಿವರಾಜನಿಗೆ ಬೇರೇನು ಇಷ್ಟವಾಗಿತ್ತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ರಾಜೇಂದ್ರನಿಗೆ ಗೊತ್ತಿರಲಿಲ್ಲ. ಕೊನೆಗೆ ಒಂದು ಲೋಟ ತುಂಬ ನೀರು ತಂದಿಟ್ಟ.

ಹನ್ನೊಂದನೆಯ ದಿನ ಬೆಳಗ್ಗೆ ಮುನಿಕೃಷ್ಣಪ್ಪ ತೀರಿಕೊಂಡ. ಈ ಸಲ ಒಂದೇ ಸಲ. ಬೀದಿಯವರು ಬಂದರು, ಬರದೆ ಇದ್ದವರೂ ಇದ್ದರು. ನಾಣಿ ಅಂಗಡಿಯ ಅರ್ಧ ಬಾಗಿಲು ಎಳೆದು ದೂರದಲ್ಲೇ ನಿಂತ. ಶೇಖವ್ವ ಒಳಗೆ ಬಂದು ಕಾಲ ಹತ್ತಿರ ಕೂತು, ಸ್ವಲ್ಪ ಹೊತ್ತಾದ ಮೇಲೆ ರಾಜೇಂದ್ರನನ್ನು ಕೇಳಿದಳು.

“ಹೆಂಗ್ ಆತೋ ತಮ್ಮಾ?”

ಅಮರೇಶ ಬಾಗಿಲಲ್ಲಿ ಕತ್ತು ಚಾಚಿದ. ರಾಜೇಂದ್ರನ ಕೈಯಲ್ಲಿ ಇನ್ನೂ ಗಂಜಿಯ ಲೋಟವಿತ್ತು.

“ಗಂಜಿ ಕುಡಿಸ್ತಿದ್ದೆ,” ಎಂದ. “ಎರಡು ಚಮಚ ಇಳೀತು. ಮೂರನೇದು ಬೇಡ ಅಂದ್ರು.”

“ಮತ್ತ?”

“ಅಷ್ಟೇ ಅವ್ವ.”

ಶೇಖವ್ವ ಅವನ ಮುಖವನ್ನು ಇನ್ನಷ್ಟು ಹೊತ್ತು ನೋಡಿ, ತಲೆ ಆಡಿಸಿದಳು.

ಆನೇಕಲ್ಲಿನಿಂದ ಬೈರಮ್ಮನ ತಂಗಿ ಬಂದಿದ್ದಳು. ಹೆಣ ಎತ್ತುವ ಹೊತ್ತಾಯಿತೆಂದು ಅವಳು ಒದ್ದೆ ಬಟ್ಟೆ ಹಿಡಿದು ಅಕ್ಕನ ಹಣೆಯ ಹತ್ತಿರ ಕೈ ತಂದಳು. ಬೈರಮ್ಮ ಅವಳ ಮುಂಗೈ ಹಿಡಿದಳು.

“ಬ್ಯಾಡ ಕಣೆ. ಒಂಬತ್ತು ವರ್ಸ ಅಡ್ವಾನ್ಸ್ ಕೊಟ್ಟಿವ್ನಿ. ಇನ್ನು ಕೊಡಾಕಿಲ್ಲ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಂಗಿ ಬಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಬೈರಮ್ಮ ಮಗನನ್ನು ನೋಡಲಿಲ್ಲ. ರಾಜೇಂದ್ರ ಎದ್ದು, ಎಲ್ಲರ ಕಾಲುಗಳ ನಡುವೆ ದಾರಿ ಮಾಡಿಕೊಂಡು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು ಗಂಜಿಯ ಲೋಟ ತೊಳೆಯತೊಡಗಿದ. ಲೋಟ ಯಾವಾಗಲೋ ಬೆಳ್ಳಗಾಗಿತ್ತು. ಹೊರಗಿನಿಂದ ಸೌಮ್ಯ ಹೆಸರು ಹಿಡಿದು ಕರೆಯುವವರೆಗೂ ಅವನು ತೊಳೆಯುತ್ತಲೇ ಇದ್ದ.